ಹಗಲು ಹೊತ್ತಿನಲ್ಲಿ ಹಾಕಿದ ಚಿಲಕ

ಮಾದನಹಿಪ್ಪರಗಾದಲ್ಲಿ ಹೆಂಗಸೊಬ್ಬಳು ಕೊಡ, ಚೀಲ ಏನೂ ಇಲ್ಲದೆ ಬರಿಗೈಯಲ್ಲಿ ನಡೆದರೆ ಊರು ಸುಮ್ಮನೆ ಬಿಡುವುದಿಲ್ಲ. "ಎಲ್ಲಿಗಿ ಹೊಂಟೀರಿ?" ಎಂದು ಮೊದಲ ಮನೆಯವರು ಕೇಳುತ್ತಾರೆ. ಎಲ್ಲಿಗೂ ಇಲ್ಲ ಎಂದರೆ ಎರಡನೇ ಮನೆಯವರಿಗೆ ಅನುಮಾನ. ಮೂರನೇ ಮನೆಯವರು ಕೈಹಿಡಿದು ಒಳಗೆ ಕರೆದು, ಕೈಬಿಚ್ಚಿ ಸಕ್ಕರೆ ಸುರಿದು ಚಹಾ ಕುಡಿಸುತ್ತಾರೆ. ದಿನಾ ಅರ್ಧ ಗಂಟೆ ನಡೆಯಬೇಕು ಎಂದು ಆಳಂದದ ಡಾಕ್ಟರು ಹೇಳಿದ್ದನ್ನು ನಾನು ನಾಲ್ಕು ದಿನ ಪಾಲಿಸಿದೆ. ನಾಲ್ಕು ದಿನಕ್ಕೆ ಎಂಟು ಕಪ್ ಚಹಾ ಹೊಟ್ಟೆಗೆ ಹೋಯಿತು. ಐದನೇ ದಿನ ಸಿಟ್ಟು ಮಾಡಿಕೊಂಡು ಮನೆಯಲ್ಲೇ ಕುಳಿತೆ.

ಕುಳಿತುಕೊಳ್ಳುವುದೇ ನನ್ನ ಕಸುಬು. ಇಪ್ಪತ್ತು ವರ್ಷದಿಂದ ಹೊಲಿಗೆ ಮಷಿನ್ ಮುಂದೆ ಕುಳಿತು ಊರಿನ ಕುಪ್ಪಸ ಹೊಲಿಯುತ್ತಿದ್ದೇನೆ. ಪ್ರೆಶರ್ ಏರಿದೆ, ಸಕ್ಕರೆ ಅಂಚಿಗೆ ಬಂದು ನಿಂತಿದೆ. ಕರಜಗಿಯಲ್ಲಿರುವ ನನ್ನ ಅಕ್ಕ ನನಗಿಂತ ನಾಲ್ಕೇ ವರ್ಷ ದೊಡ್ಡವಳು. ಅವಳಿಗೂ ಡಾಕ್ಟರು ಇದೇ ಮಾತು ಹೇಳಿದ್ದರು. "ದಿನಾ ಮೂವತ್ತು ರೊಟ್ಟಿ ಬಡೀತಾಳ, ಇನ್ನೇನ ವ್ಯಾಯಾಮ ಬೇಕ ಇಕೀಗಿ?" ಎಂದು ಅವಳ ಮನೆಯವರು ನಕ್ಕರು. ಅವಳೂ ನಕ್ಕು ಸುಮ್ಮನಾದಳು. ಕಳೆದ ವರ್ಷ ಲಕ್ವಾ ಹೊಡೆದು ಅವಳ ಬಲಗೈ ಸ್ವಾಧೀನ ತಪ್ಪಿತು. ಹೋಗಿ ಒಂದು ತುತ್ತು ತಿನ್ನಿಸಲು ಕೈ ಚಾಚಿದರೆ ಗೋಡೆಯ ಕಡೆ ಮುಖ ತಿರುಗಿಸಿದಳು. ಬಸ್ಸಿನಲ್ಲಿ ಮರಳಿ ಬರುವಾಗ ದಾರಿಯುದ್ದಕ್ಕೂ ನನ್ನ ಬಲಗೈಯ ಬೆರಳು ಮಡಚಿ ಬಿಚ್ಚಿ ನೋಡಿಕೊಳ್ಳುತ್ತಿದ್ದೆ.

ಮಗಳು ಜೇವರ್ಗಿಯಲ್ಲಿ ಹಾಸ್ಟೆಲಿನಲ್ಲಿದ್ದು ಓದುತ್ತಾಳೆ. ಅವಳಿಗೆ ಫೋನು ಮಾಡಿ, ಮನೆಯೊಳಗೇ ಮಾಡುವಂಥದ್ದೇನಾದರೂ ಹೇಳು ಎಂದೆ. ಅವಳು ಹೇಳುವ ಮೊದಲೇ ನನಗೆ ಅವಸರ. ಫೋನಿನಲ್ಲಿ ಯಾವುದೋ ಹುಡುಗಿ ಜಿಗಿಯುವುದನ್ನು ನೋಡಿ, ಫರಸಿ ಕಲ್ಲಿನ ನೆಲದ ಮೇಲೆ ಬರಿಗಾಲಲ್ಲಿ ನಾನೂ ಜಿಗಿದೆ. ಮೊಣಕಾಲು ಬಾತು ಮೂರು ದಿನ ಮಷಿನ್ ತುಳಿಯಲಾಗಲಿಲ್ಲ. ಮಗಳು ನನಗೇ ಬೈದಳು. "ಜಿಗೀಬ್ಯಾಡ ಅವ್ವಾ. ಒಂದ ಕಾಲು ಯಾವಾಗ್ಲೂ ನೆಲದ ಮ್ಯಾಲ ಇರಬೇಕು. ಬರಿಗಾಲಲ್ಲೂ ಬ್ಯಾಡ, ನನ್ನ ಹಳೇ ಬೂಟ್ ಹಾಕ್ಕೋ."

ನಮ್ಮ ಮನೆಯೊಳಗೆ ಈವರೆಗೆ ಯಾರೂ ಬೂಟುಗಾಲು ಇಟ್ಟಿರಲಿಲ್ಲ. ಅವನ್ನು ಎರಡು ಸಲ ತೊಳೆದು, ಬಿಸಿಲಿಗೆ ಒಣಗಿಸಿ, ದೇವರ ಜಗಲಿಯ ಕಡೆ ನೋಡದೆ ಹಾಕಿಕೊಂಡೆ. ಮೊದಲ ಐದು ನಿಮಿಷ ನಿಂತಲ್ಲೇ ನಿಧಾನವಾಗಿ ಹೆಜ್ಜೆ. ಆಮೇಲೆ ಮೊಣಕಾಲು ಎತ್ತಿ, ಕೈ ಬೀಸಿ, ಅತ್ತಿತ್ತ ಸರಿದು ಜೋರು ಹೆಜ್ಜೆ. ಮೊದಲ ವಾರ ಹತ್ತೇ ನಿಮಿಷ, ಆಮೇಲೆ ವಾರಕ್ಕಿಷ್ಟು ಹೆಚ್ಚು. ಕೊನೆಗೆ ಮತ್ತೆ ಐದು ನಿಮಿಷ ನಿಧಾನ. ತಟ್ಟನೆ ನಿಲ್ಲಬಾರದು, ತಲೆ ತಿರುಗುತ್ತದೆ. ಎದೆ ಹಿಡಿದಂತಾದರೆ ಅಲ್ಲಿಗೇ ಬಿಟ್ಟು ಡಾಕ್ಟರ ಹತ್ತಿರ ಹೋಗಬೇಕು. "ಮಾಡೂವಾಗ ಮಾತಾಡಾಕ ಬರಬೇಕು, ಹಾಡಾಕ ಬರಬಾರದು, ಅಷ್ಟ ಜೋರ ಸಾಕು" ಎಂದಳು ಮಗಳು. ನಾಷ್ಟಾ ಅರಗಿದ ಮೇಲೆ, ಹನ್ನೊಂದು ಗಂಟೆ ಎಂದು ಹೊತ್ತು ಗೊತ್ತುಮಾಡಿದೆವು.

ಆದರೆ ಹನ್ನೊಂದಕ್ಕೆ ಸರಿಯಾಗಿ ಯಾರಾದರೂ ಕುಪ್ಪಸ ಹಿಡಿದು ಒಳಗೆ ಬರುತ್ತಿದ್ದರು. ಬಂದವರಿಗೆ ನೀರು ಕೊಡಬೇಕು, ಚಹಾ ಕಾಸಬೇಕು. ನನ್ನ ಕಾಲಿನ ಬೂಟು ನೋಡಿ ಅವರು ಕೇಳುವ ನೂರು ಪ್ರಶ್ನೆಗೆ ಉತ್ತರವನ್ನೂ ಕೊಡಬೇಕು. ಒಂದು ದಿನವೂ ಹತ್ತು ನಿಮಿಷ ಪೂರಾ ಆಗಲಿಲ್ಲ. ಎರಡನೇ ವಾರ ತಲೆಕೆಟ್ಟು ಬಾಗಿಲು ಹಾಕಿ ಒಳಗಿನಿಂದ ಚಿಲಕ ಜಡಿದೆ. ಹಾಗೆ ಮಾಡಬಾರದಿತ್ತು. ನಮ್ಮ ಓಣಿಯಲ್ಲಿ ಹಗಲು ಹೊತ್ತಿನಲ್ಲಿ ಬಾಗಿಲಿಗೆ ಹೊರಗಿನಿಂದ ಬೀಗ ಬಿದ್ದರೆ ಮನೆಯವರು ಊರಿಗೆ ಹೋಗಿದ್ದಾರೆ ಎಂದರ್ಥ. ಒಳಗಿನಿಂದ ಚಿಲಕ ಬಿದ್ದರೆ ಗಂಡ ಹೆಂಡಿರ ಜಗಳ ಎಂದರ್ಥ. ಮೂರನೆಯ ಅರ್ಥವಿಲ್ಲ.

ಅವತ್ತು ಕರೆಂಟು ಹೋಗಿತ್ತು. ಪಂಪಿನ ಮೋಟಾರು ರಿಪೇರಿ ಮಾಡುವ ನನ್ನ ಯಜಮಾನರು ಅಂಗಡಿ ಮುಚ್ಚಿ ಬಂದು ಒಳಕೋಣೆಯಲ್ಲಿ ಮಲಗಿದ್ದರು. ನಾನು ಪಡಸಾಲೆಯಲ್ಲಿ ಶುರುಮಾಡಿದೆ. ಮಾತಾಡಲು ಬರುತ್ತದೋ ಇಲ್ಲವೋ ಎಂದು ನೋಡಬೇಕಲ್ಲ, ಬಾಯಿಗೆ ಬಂದದ್ದನ್ನು ಜೋರಾಗಿ ಹೇಳುತ್ತಿದ್ದೆ. "ಬಿಡಂಗಿಲ್ಲ. ಸತ್ರೂ ಬಿಡಂಗಿಲ್ಲ. ಇನ್ನೂ ಹತ್ತ ನಿಮಿಷ." ಕಲ್ಲಿನ ಮೇಲೆ ಬೂಟಿನ ಧಬಧಬ, ನಡುವೆ ನನ್ನ ಏದುಸಿರು. ಹೊರಗೆ ನಿಂತವರು ಏನು ತಿಳಿದುಕೊಂಡರೋ ಬಿಡಿಸಿ ಹೇಳಬೇಕಾಗಿಲ್ಲ. ಬಾಗಿಲು ಬಡಿದ ಸಪ್ಪಳಕ್ಕೆ ಯಜಮಾನರು ಎದ್ದು ಬಂದು ಚಿಲಕ ತೆಗೆದರು. ಓಣಿಯ ಹಿರಿಯರೊಬ್ಬರು, ಅವರ ಹಿಂದೆ ಎದುರು ಮನೆಯಾಕೆ, ಆಕೆಯ ಹಿಂದೆ ಅರ್ಧ ಓಣಿ.

ನನ್ನ ಏದುಸಿರು ಇನ್ನೂ ಇಳಿದಿರಲಿಲ್ಲ. ತಟ್ಟನೆ ನಿಲ್ಲಬಾರದು ಎಂದು ಪಡಸಾಲೆಯಲ್ಲಿ ಆ ಗೋಡೆಯಿಂದ ಈ ಗೋಡೆಗೆ ನಿಧಾನವಾಗಿ ನಡೆಯುತ್ತಿದ್ದೆ. ಮುಖ ಕೆಂಪು, ಮೈಯೆಲ್ಲ ಬೆವರು.

"ಏನಾಗ್ಯದೋ ತಮ್ಮಾ?" ಎಂದು ಹಿರಿಯರು ಯಜಮಾನರನ್ನು ಕೇಳಿದರು.

ಯಜಮಾನರು ನನ್ನನ್ನು ನೋಡಿದರು, ನನ್ನ ಬೂಟು ನೋಡಿದರು, ಬಾಗಿಲಲ್ಲಿ ನಿಂತ ಮಂದಿಯನ್ನು ನೋಡಿದರು. ಆಮೇಲೆ ತಲೆ ತಗ್ಗಿಸಿ, "ಸಿಟ್ಟ ಬಂದಿತ್ರಿ. ಎರಡೇಟು ಹಾಕೀನಿ" ಎಂದರು.

ನನ್ನ ಕಿವಿಯನ್ನು ನಾನೇ ನಂಬಲಿಲ್ಲ. ಹಿರಿಯರು ಅವರಿಗೆ ಒಂದು ಮಾತು ಗದರಿಸಿದಂತೆ ಮಾಡಿ ನನ್ನ ಕಡೆ ತಿರುಗಿದರು. "ಗಂಡಸರಿಗಿ ಒಮ್ಮೊಮ್ಮೆ ಸಿಟ್ಟ ಬರ್ತದವ್ವ. ಜರಾ ಹೊಂದಕೊಂಡು ಹೋಗು." ಎದುರು ಮನೆಯಾಕೆ ಸೆರಗಿನಿಂದ ನನ್ನ ಬೆವರು ಒರೆಸಲು ಬಂದಳು.

ಆಕೆಯ ಕೈ ತಳ್ಳಿದೆ. "ಇವ್ರು ನನಗ ಮುಟ್ಟೇ ಇಲ್ರಿ. ನಾ ವ್ಯಾಯಾಮ ಮಾಡಾಕತ್ತಿದ್ದೆ. ಕುಣ್ಯಾಕತ್ತಿದ್ದೆ ಅನ್ರಿ ಬೇಕಾದ್ರ. ನಾಳಿನೂ ಕುಣೀತೇನಿ."

ಅಲ್ಲಿಯವರೆಗೆ ಮರುಗುತ್ತಿದ್ದ ಮುಖಗಳೆಲ್ಲ ಒಮ್ಮೆಲೇ ಬದಲಾದವು. ಹಿಂದೆ ಯಾರೋ ಕಿಸಕ್ಕೆಂದರು. ಹಿರಿಯರು ನನ್ನ ಕಾಲು ನೋಡಿ, "ಮನಿಯೊಳಗ ಬೂಟ್ ಹಾಕ್ಕೊಂಡು!" ಎಂದಷ್ಟೇ ಹೇಳಿ ಹೊರಟುಹೋದರು. ಏಟಿನ ಸುದ್ದಿ ಕೇಳಿದಾಗಲೂ ಅವರ ಮುಖ ಅಷ್ಟು ಕೆಟ್ಟಿರಲಿಲ್ಲ.

ಮಂದಿ ಕರಗಿದ ಮೇಲೆ ನಾನು ಯಜಮಾನರ ಎದುರು ನಿಂತೆ. "ಹೊಡದೀನಿ ಅಂತ ಹೇಳಾಕ ನಿಮಗ ನಾಚಿಕಿ ಬರಲಿಲ್ಲೇನ್ರಿ?"

"ಹೊಡದೀನಿ ಅಂದ್ರ ಮಂದಿ ಬುದ್ಧಿ ಹೇಳಿ ಹೋಗ್ತಾರ" ಎಂದರು, ಗೋಡೆ ನೋಡುತ್ತ. "ಹೆಂಡ್ತಿ ಬೂಟ್ ಹಾಕ್ಕೊಂಡು ಕುಣೀತಾಳ ಅಂದ್ರ ನಗ್ತಾರ."

ಇಪ್ಪತ್ತೆರಡು ವರ್ಷದಲ್ಲಿ ಒಮ್ಮೆಯೂ ನನ್ನ ಮೇಲೆ ಕೈ ಎತ್ತದ ಮನುಷ್ಯ ಅವರು. ಓಣಿ ನಗದಿದ್ದರೆ ಸಾಕು ಎಂದು, ಮಾಡದ ತಪ್ಪನ್ನು ಹತ್ತು ಮಂದಿಯ ಮುಂದೆ ಒಪ್ಪಿಕೊಂಡರು. ಮರುದಿನ ಹನ್ನೊಂದಕ್ಕೆ ಬಾಗಿಲು ಪೂರಾ ತೆರೆದಿಟ್ಟು ಶುರುಮಾಡಿದೆ. ಓಣಿ ನಕ್ಕಿತು, ಅವರು ಎದ್ದು, ಇನ್ನೂ ಕರೆಂಟು ಬಾರದ ಅಂಗಡಿಗೆ ಹೋದರು. ಈಗ ಪ್ರೆಶರ್ ಇಳಿದಿದೆ ಎಂದು ಡಾಕ್ಟರು ಹೇಳುತ್ತಾರೆ. ಹೊಡೆದೆ ಎಂದ ಯಜಮಾನರ ಆ ಮಾತಿನ ಮೇಲಿನ ಸಿಟ್ಟು ಇನ್ನೂ ಇಳಿದಿಲ್ಲ.