ಇಳಿತದ ಹೊತ್ತು

ಅಜ್ಜಿ ಎವರ್‌ಗ್ರೀನ್ ಬಡಾವಣೆಯ ನಮ್ಮ ಮನೆಯಲ್ಲೇ ತೀರಿಕೊಂಡರು. ಅಸ್ಥಿಯನ್ನು ಊರಿಗೆ ಒಯ್ಯುವುದು ಆಗುವಂತಿರಲಿಲ್ಲ. ಗೋಲ್ಡನ್ ಗೇಟ್ ಸೇತುವೆಯ ಉತ್ತರದ ತುದಿಯಲ್ಲಿ, ಗುಡ್ಡದ ಬುಡಕ್ಕಿರುವ ಸಣ್ಣ ದಂಡೆಯಲ್ಲಿ ಬಿಡುವುದೆಂದಾಯಿತು. ನಮ್ಮಲ್ಲಿ ತಂದೆಯ ಕರ್ಮ ಹಿರಿಯ ಮಗನದು, ತಾಯಿಯದು ಕಿರಿಯ ಮಗನದು. ಹಾಗಾಗಿ ನೀರಿಗಿಳಿಯಬೇಕಾದವರು ಅಪ್ಪನ ತಮ್ಮ, ವಾಲ್ನಟ್ ಕ್ರೀಕಿನಲ್ಲಿ ಮನೆ ಮಾಡಿದ್ದ ಕಾಕಾ.

ಆ ನೀರು ನನಗೆ ಗೊತ್ತಿತ್ತು. ಕಾಲೇಜಿನ ದಿನಗಳಲ್ಲಿ ಸೇತುವೆಯ ಮೇಲೆ ನಡೆಯುವಾಗ ಕೆಳಗೆ ನೋಡುತ್ತಾ ನಿಲ್ಲುತ್ತಿದ್ದೆ. ಇಡೀ ಕೊಲ್ಲಿಯ ನೀರು ಆ ಒಂದು ಕಿರಿದಾದ ಬಾಯಿಯಿಂದಲೇ ಸಾಗರಕ್ಕೆ ಹೋಗಬೇಕು. ಇಳಿತದ ಹೊತ್ತಿನಲ್ಲಿ ಅದು ಸಮುದ್ರದಂತೆ ಕಾಣುವುದಿಲ್ಲ, ನೆರೆ ಬಂದ ಹೊಳೆಯಂತೆ ಕಾಣುತ್ತದೆ. ಕಂಬದ ಬುಡ ದಾಟಿದ ನೀರು ತಿರುಗಿ ಸುಳಿಯಾಗುತ್ತದೆ. ನೊರೆಯನ್ನು ನಡುವಿಗೆ ಎಳೆದುಕೊಂಡು ಮುಚ್ಚಿಕೊಳ್ಳುತ್ತದೆ, ಸ್ವಲ್ಪ ಮುಂದೆ ಇನ್ನೊಂದು ತೆರೆದುಕೊಳ್ಳುತ್ತದೆ. ದಂಡೆಯ ಹತ್ತಿರ ಮಾತ್ರ ನೀರು ಕೆರೆಯಂತೆ ನಿಂತಿರುತ್ತದೆ. ಮೋಸ ಇರುವುದು ಅಲ್ಲೇ.

ಪುರೋಹಿತರು ರಾಹುಕಾಲ ತಪ್ಪಿಸಿ ಹೇಳಿದ ಹೊತ್ತು ಇಳಿತ ತೀರಾ ಜೋರಾಗಿರುವ ಹೊತ್ತೇ ಆಗಿತ್ತು. ಕಾರು ನಿಲ್ಲಿಸಿದ ಕೂಡಲೇ ಫೋನಿನಲ್ಲಿ ಇಳಿತದ ವೇಳೆ ನೋಡಿ ಹೇಳಿದೆ.

“ಅಪ್ಪ, ಈಗ ನೀರಿನ ಸೆಳೆತ ತುಂಬಾ ಇರತ್ತೆ. ಮಧ್ಯಾಹ್ನ ಇಳಿಯೋಣ.”

“ಆಮ್ಯಾಲೆ ರಾಹುಕಾಲ ಶುರು ಆಗ್ತದ.”

ಕಾಕಾ ಧೋತರದ ಕಚ್ಚೆ ಬಿಗಿಯುತ್ತಾ ನಕ್ಕರು. “ಮಳಿಗಾಲದಾಗ ಕೃಷ್ಣಾ ಹೊಳಿ ಈಸಿದಾಂವ ನಾ. ನಿನ್ನ ಫೋನು ಎಲ್ಲಿ ಈಸಿ ಬಂದದವಾ? ನನಗ ಥಂಡಿದೊಂದ ಅಂಜಿಕಿ.”

ಅಸ್ಥಿ ಬಿಟ್ಟು ಮೂರು ಮುಳುಗು ಹಾಕಬೇಕು. ಬಿಟ್ಟ ಮೇಲೆ ಯಾರೂ ಹಿಂತಿರುಗಿ ನೋಡಬಾರದು. ನೋಡಿದರೆ ಹೋಗುವವರನ್ನು ಮೋಹ ಕಟ್ಟಿಹಾಕುತ್ತದಂತೆ. ಕಾಕಾ ಸೊಂಟಮಟ್ಟದ ನೀರಿಗೆ ಹೋಗಿ ಅಸ್ಥಿಯ ಮಡಕೆ ಬಗ್ಗಿಸಿದರು.

“ಇನ್ನ ನಡೀರಿ. ಹಿಂದ ನೋಡಬ್ಯಾಡ್ರಿ,” ಎಂದರು ಅಪ್ಪ.

ನಾವು ಮೂವರು ಗುಡ್ಡದ ಕಡೆ ಮುಖ ಮಾಡಿ ಹೊರಟೆವು. ಮುಂದೆ ಅಮ್ಮ, ನಡುವೆ ನಾನು, ಎಲ್ಲರಿಗಿಂತ ಹಿಂದೆ ಅಪ್ಪ. ಮುಳುಗು ಮುಗಿಸಿ ಕಾಕಾ ನಮ್ಮ ಹಿಂದೆ ಬರಬೇಕಿತ್ತು. ದಂಡೆಯ ತುಂಬ ಬೆಣಚುಕಲ್ಲು, ಯಾರು ನಡೆದರೂ ಸದ್ದಾಗುತ್ತದೆ. ಅಪ್ಪನ ಹೆಜ್ಜೆಯ ಹಿಂದೆ ಇನ್ನೊಂದು ಹೆಜ್ಜೆ ಕೇಳಲಿಲ್ಲ. ನಾನು ತಿರುಗಿದೆ.

“ತಿರುಗಬ್ಯಾಡ ಅಂದೆ!” ಅಪ್ಪ ಗದರಿದರು. ಅವರ ಕಣ್ಣು ಗುಡ್ಡದ ಮೇಲೇ ಇತ್ತು.

ಕಾಕಾ ದಂಡೆಯ ಬಳಿಯ ನಿಂತ ನೀರಿನ ಗೆರೆಯಾಚೆ ಹೋಗಿಬಿಟ್ಟಿದ್ದರು. ತಲೆ ಮಾತ್ರ ಕಾಣುತ್ತಿತ್ತು, ಓಡುವ ಮನುಷ್ಯನ ವೇಗದಲ್ಲಿ ಸಾಗರದ ಕಡೆ ಸಾಗುತ್ತಿತ್ತು. ಮುಖ ನಮ್ಮ ಕಡೆಗಿತ್ತು. ಒಂದು ಕಡೆ ಆ ತಲೆ ನೊರೆಯ ಜೊತೆ ನಿಧಾನವಾಗಿ ಒಂದು ಸುತ್ತು ತಿರುಗಿತು. ಆಮೇಲೆ ಬರೀ ನೊರೆ ಇತ್ತು.

ಫೋನು ಮಾಡಿದೆ. ಬೋಟು ಬಂತು, ಹೆಲಿಕಾಪ್ಟರು ಬಂತು. ಕೊನೆಯ ಸಲ ನೋಡಿದವರು ಯಾರು ಎಂದು ಅಧಿಕಾರಿ ಕೇಳಿದಾಗ ಅಪ್ಪ ಅಮ್ಮ ಇಬ್ಬರೂ ನನ್ನನ್ನು ನೋಡಿದರು. ನಾನು ಬೆರಳು ತೋರಿಸಿದ ಜಾಗದಲ್ಲಿ ಅಷ್ಟರೊಳಗೆ ಬೇರೆಯೇ ನೀರಿತ್ತು. ಕಾಕಾ ಸಿಗಲಿಲ್ಲ.

ಹುಡುಕುವುದನ್ನು ನಿಲ್ಲಿಸಿದ್ದೇವೆಂದು ಅಧಿಕಾರಿಗಳು ತಿಳಿಸಿದ ದಿನ ನಾವು ವಾಲ್ನಟ್ ಕ್ರೀಕಿಗೆ ಹೋದೆವು. ಕಾಕಾನ ಹೆಂಡತಿ, ನಮ್ಮ ಕಾಕು, ಊಟದ ಮೇಜಿನ ಮುಂದೆ ಕೂತಿದ್ದರು. ನನ್ನ ಕೈ ಹಿಡಿದು ಕೇಳಿದರು, “ನಿಮ್ಮ ಕಾಕಾ ಒದರಿದ್ರೇನವಾ?”

“ನಂಗೆ ಕೇಳಿಸ್ಲಿಲ್ಲ ಕಾಕು.” ಅದು ನಿಜ. ಗಾಳಿಯಿತ್ತು, ಮೇಲೆ ಸೇತುವೆಯ ವಾಹನಗಳ ಸದ್ದಿತ್ತು.

“ಒದರಿದ,” ಎಂದರು ಅಪ್ಪ.

ಅಮ್ಮ ಅವರ ಕಡೆ ತಿರುಗಿದರು.

“ಅಣ್ಣಾ ಅಂದ. ಕರದರೂ ತಿರುಗಬಾರದು ಅಂತ ನಮ್ಮಪ್ಪ ಹೇಳಿದ್ದ.”

ಕಾಕು ಅಳಲಿಲ್ಲ. ನನ್ನ ಕೈ ಬಿಟ್ಟರು.

“ಎಷ್ಟ ಸಲ, ಭಾವಾ?” ಎಂದು ಕೇಳಿದರು.

ಅಪ್ಪ ಮೇಜನ್ನೇ ನೋಡುತ್ತಿದ್ದರು. ಕಾಕು ಮತ್ತೆ ಕೇಳಿದರು.