ಅರಿಶಿಣ ಹಚ್ಚಿದ ಇಲಿ

ಗೌರವ್ವ ಕಾಕೂನ ಸೀತನಿ ಜೋಳದ ಬೀಜ ಹಾಳಾಗಲು ಕಾರಣ ನಾನು. ಇಲಿ ತಿಂದವು ಎಂದು ಓಣಿಯೆಲ್ಲ ಮಾತಾಡಿಕೊಂಡಿತು, ಅದು ಸುಳ್ಳೂ ಅಲ್ಲ. ಆದರೆ ಆ ಇಲಿಗಳನ್ನು ಆಕೆಯ ಹಿತ್ತಿಲಿಗೆ ಒಯ್ದು ಬಿಟ್ಟವಳು ನಾನು— ಹನ್ನೆರಡು ವರ್ಷ ಈ ಮಾತನ್ನು ನುಂಗಿಕೊಂಡೇ ಕೂತಿದ್ದೆ. ಅಷ್ಟೇ ಆಗಿದ್ದರೂ ಹೇಗೋ ತಡೆದುಕೊಳ್ಳುತ್ತಿದ್ದೆ. ಅದೇ ಕಾಕು ನನ್ನನ್ನು ಕೂಡಿಸಿ ಉಡಿ ತುಂಬಿದಳು, ನಾನು ಸೆರಗು ಒಡ್ಡಿ ತುಂಬಿಸಿಕೊಂಡೆ.

ಆಗ ನಾನು ಮನೋಳಿಗೆ ಸೊಸೆಯಾಗಿ ಬಂದು ಎರಡನೆಯ ವರ್ಷ. ಮಳೆಗಾಲದಲ್ಲಿ ಜೋಳದ ಚೀಲಗಳಿಗೆ ಇಲಿಗಳು ಮುತ್ತಿಗೆ ಹಾಕಿದವು. ವಿಷ ಇಡುವಂತಿಲ್ಲ, ನೀರಲ್ಲಿ ಮುಳುಗಿಸುವಂತಿಲ್ಲ. ಅದು ಗಣಪ್ಪನ ವಾಹನ, ಜೀವಂತ ಹಿಡಿದು ಹೊಳೆಯಾಚೆ ಬಿಟ್ಟು ಬರಬೇಕು ಎನ್ನುವುದು ನನ್ನ ಅತ್ತೆಯ ಕಟ್ಟಪ್ಪಣೆ. ಹಿಂದಿನ ಮನೆಯ ಗೌರವ್ವ ಕಾಕೂನ ಹತ್ತಿರ ಒಂದು ತಂತಿಯ ಬೋನು ಇತ್ತು. ಕೇಳಲು ಹೋದವಳಿಗೆ ಬೋನು ಕೊಟ್ಟಿದ್ದಲ್ಲದೆ, ತಾನೇ ಬಂದು ಒಡ್ಡುವುದನ್ನು ಕಲಿಸಿದಳು.

ನಾನು ಅದನ್ನು ಕೋಣೆಯ ನಟ್ಟನಡುವೆ ಇಟ್ಟಿದ್ದೆ. ಆಕೆ ಸೊಂಟದ ಮೇಲೆ ಕೈ ಇಟ್ಟು ನಕ್ಕಳು. "ನಡಕ ಇಟ್ರ ಇಲಿ ಏನ್ ಮೆರವಣಿಗಿ ಬರತಾವೇನ ಬೇ? ಗ್ವಾಡಿ ಗುಂಟ ಇಡು. ಅವು ಗ್ವಾಡಿ ಬಿಟ್ಟು ಅಡ್ಡ್ಯಾಡೂದಿಲ್ಲ."

ಬೋನನ್ನು ಬಿಸಿನೀರಲ್ಲಿ ತೊಳೆಸಿದಳು— ಹಿಂದಿನ ಇಲಿಯ ವಾಸನೆ ಇರಬಾರದಂತೆ. ಕೊಬ್ಬರಿ ಚೂರನ್ನು ಕೆಂಡದಲ್ಲಿ ಸುಟ್ಟು ಕೊಕ್ಕೆಗೆ ಸಿಗಿಸಿದಳು, ಮೇಲೆ ಹಳೆಯ ಗೋಣಿತಟ್ಟು ಹೊದಿಸಿದಳು. ಎದ್ದು ಹೋಗುವಾಗ ಒಂದು ಮಾತು ಹೇಳಿದಳು: "ಒಡ್ಡೂದು ಅರ್ಧಾ ಕೆಲಸ. ದಾಟಿಸಿ ಬರೂದು ಇನ್ನರ್ಧಾ. ಬಿಸಲ ಏರೂದ್ರಾಗ ದಾಟಿಸಬೇಕು, ಪಾಪ, ಅದೂ ಅಂಜಿರತೈತಿ."

ಮರುದಿನವೇ ಒಂದು ಬಿತ್ತು. ಅತ್ತೆ ತಂತಿಯ ಸಂದಿನಿಂದ ಅದರ ಬೆನ್ನಿಗೆ ಅರಿಶಿಣದ ನೀರು ಚಿಮುಕಿಸಿ, "ಸುಖವಾಗಿ ಹೋಗಪ್ಪಾ, ತಿರಿಗಿ ಬರಬ್ಯಾಡ" ಎಂದು ಬೀಳ್ಕೊಟ್ಟರು. ನಾನು ಬೋನು ಹಿಡಿದು ಪೇಟೆಯಲ್ಲಿ ಹಾಯ್ದು ಸೇತುವೆ ದಾಟಿದೆ. ಚಹಾದ ಅಂಗಡಿಯ ಮುಂದೆ ನಾಲ್ಕು ಗಂಡಸರು ನಕ್ಕರು. ಹೊಸ ಸೊಸೆ, ಕೈಯಲ್ಲಿ ಅರಿಶಿಣ ಹಚ್ಚಿಕೊಂಡ ಇಲಿ— ನಗದೇ ಇರುತ್ತಾರೆಯೇ? ನನಗೆ ಮಾತ್ರ ಭೂಮಿ ಬಾಯಿ ಬಿಡಬಾರದೇ ಎನ್ನಿಸಿತ್ತು.

ಎರಡನೆಯ ಇಲಿಯನ್ನು ನಾನು ದಾಟಿಸಲಿಲ್ಲ. ರೊಟ್ಟಿ ಬಡಿಯುವ ಹೊತ್ತು, ಕೆಲಸ ಬಹಳ ಎಂದು ಈಗ ಏನಾದರೂ ಹೇಳಬಹುದು, ಆದರೆ ಅದೆಲ್ಲ ನೆಪ. ನಾಚಿಕೆಯಾಯಿತು, ಅಷ್ಟೇ. ಕಾಕೂನ ಹಿತ್ತಿಲಲ್ಲಿ ಮೇವಿನ ಬಣವೆ ಇತ್ತು. ಅದರ ಬುಡದಲ್ಲಿ ಬೋನಿನ ಬಾಗಿಲು ಎತ್ತಿದೆ, ಹೊಳೆಗೆ ಹೋಗಿ ಬರುವಷ್ಟು ಹೊತ್ತು ಅಲ್ಲೇ ಮರೆಯಲ್ಲಿ ನಿಂತು ಮನೆಗೆ ಬಂದೆ. ಆಮೇಲೆ ಬಿದ್ದವೆಲ್ಲ, ಬೆನ್ನಿಗೆ ಅತ್ತೆಯ ಅರಿಶಿಣ ಹೊತ್ತು, ಅಲ್ಲಿಗೇ ಹೋದವು. ನಮ್ಮ ಮನೆಯಲ್ಲಿ ಇಲಿಕಾಟ ನಿಂತಿತು. ಬೋನು ಒಡ್ಡಿದರೆ ನಮ್ಮ ಸೊಸೆಯೇ ಒಡ್ಡಬೇಕು ಎಂದು ಅತ್ತೆ ಹೊಗಳಿದರು. ನಾನು ಕಾಕೂಗೆ ಬೋನು ತಿರುಗಿ ಕೊಟ್ಟೆ.

ಹಿಂಗಾರಿ ಬಿತ್ತನೆ ಹತ್ತಿರ ಬಂದಾಗ ಕಾಕು ಅಟ್ಟದಿಂದ ಬೀಜದ ತೆನೆಯ ಕಟ್ಟು ಇಳಿಸಿದಳು. ಬರೀ ಹೊಟ್ಟು. ಆಕೆಯ ತವರಿನಿಂದ ಬಂದ ಸೀತನಿ ಜೋಳ ಅದು. ಪ್ರತಿ ಚಳಿಗಾಲ ಓಣಿಯ ಹೆಂಗಸರೆಲ್ಲ ಆಕೆಯ ಹೊಲಕ್ಕೆ ಹೋಗಿ, ಎಳೆಯ ತೆನೆಗಳನ್ನು ಸಗಣಿ ಕುಳ್ಳಿನ ಕೆಂಡದಲ್ಲಿ ಸುಟ್ಟು, ತಿಕ್ಕಿ, ಬಿಸಿಬಿಸಿ ಕಾಳನ್ನು ಶೇಂಗಾ ಚಟ್ನಿಯೊಡನೆ ತಿನ್ನುತ್ತಿದ್ದೆವು. ಅಷ್ಟು ಸಿಹಿ ಕಾಳು ಸುತ್ತ ಎಲ್ಲೂ ಇರಲಿಲ್ಲ. ಕಾಕು ಹೊಟ್ಟನ್ನು ಮಡಿಲಲ್ಲಿ ಹಾಕಿಕೊಂಡು, "ನಮ್ಮವ್ವನ ಕೈದು ಇದೊಂದ ಉಳದಿತ್ತು" ಎಂದಳು. ನಾನು ಅಲ್ಲೇ ನಿಂತಿದ್ದೆ. ಹೇಳಬೇಕು— ಹೇಳಲೇಬೇಕು— ಎಂದುಕೊಂಡೆ. ಬಾಯಿ ಬರಲಿಲ್ಲ.

ಹಿಂದಿನ ವರ್ಷ ಕಾಕು ಕೊಟ್ಟಿದ್ದ ಒಂದು ಬೊಗಸೆ ಬೀಜವನ್ನು ನಾನು ರಾಮದುರ್ಗದ ಕಡೆಯ ನನ್ನ ತವರಿಗೆ ಒಯ್ದಿದ್ದೆ. ಅವ್ವ ಅದನ್ನು ಬಿತ್ತಿ ಬೆಳೆದಿದ್ದಳು. ಮರುದಿನವೇ ಬಸ್ಸು ಹತ್ತಿ ಹೋಗಿ ಒಂದು ಚೀಲದಲ್ಲಿ ಬೀಜ ತಂದು ಕಾಕೂನ ಮುಂದೆ ಇಟ್ಟೆ. ಆಕೆ ಓಣಿಯವರನ್ನೆಲ್ಲ ಕರೆದಳು, ನನಗೆ ಕುಂಕುಮ ಹಚ್ಚಿದಳು, ಉಡಿ ತುಂಬಿದಳು. "ಈಕಿ ನನ್ನ ತವರು ಉಳಿಸಿದ್ಲು" ಎಂದಳು. ಕಳ್ಳತನ ಮಾಡಿದವಳಿಗೂ ಅಷ್ಟು ಭಯವಾಗಿರಲಿಕ್ಕಿಲ್ಲ. ಎಲ್ಲರ ಮುಂದೆ ತಲೆ ತಗ್ಗಿಸಿದ್ದೆ, ನೋಡಿದವರು ಅದನ್ನು ವಿನಯ ಎಂದುಕೊಂಡರು.

ಮೊನ್ನೆ ನಮ್ಮ ಅಡುಗೆಮನೆಯಲ್ಲಿ ಮತ್ತೆ ಇಲಿ ಕಂಡಿತು. ಮಗಳು ಅಂಗಡಿಯಿಂದ ಅಂಟಿನ ಹಾಳೆ ತಂದಳು. ಇಲಿ ಅಂಟಿಕೊಂಡು ಒದ್ದಾಡಿ ಸಾಯುತ್ತದಂತೆ. ಬೇಡವೆಂದು ಅದನ್ನು ವಾಪಸ್ ಕೊಡಲು ಕಳಿಸಿ, ಕಾಕೂನ ಮನೆಗೆ ಬೋನು ಕೇಳಲು ಹೋದೆ. ಆಕೆ ಅದನ್ನು ಒರೆಸಿ ನನ್ನ ಕೈಗೆ ಕೊಡುವಾಗ ನನಗೆ ತಡೆಯಲಾಗಲಿಲ್ಲ. ನಿಂತಲ್ಲೇ ಎಲ್ಲ ಹೇಳಿಬಿಟ್ಟೆ, ಅತ್ತುಬಿಟ್ಟೆ.

ಕಾಕು ಪೂರ್ತಿ ಕೇಳಿಸಿಕೊಂಡಳು. ಆಮೇಲೆ, "ಅರಿಶಿಣಾ ಹಚಗೊಂಡ ಇಲಿ ನನ್ನ ಹಿತ್ತಲದಾಗ ಹುಟ್ಟತಾವೇನ ಬೇ, ಹುಚ್ಚಿ?" ಎಂದಳು. "ಬೋನು ತಿರಿಗಿ ಕೊಟ್ಟ ವಾರದಾಗ ಎರಡ ಬಿದ್ದಿದ್ವು. ನಾನ ದಾಟಿಸಿ ಬಂದೆ."

"ಮತ್ತ ನನಗ ಉಡಿ ಯಾಕ ತುಂಬಿದ್ರಿ ಕಾಕೂ?"

"ಬೀಜಾ ತಂದಾಕಿ ನೀನ ಅಲ್ಲೇನು? ಅದಕ್ಕ ತುಂಬಿದೆ. ಇಲಿ ಮಾತು ನೀನ ಹೇಳತಿ ಅಂತ ಬಿಟ್ಟಿದ್ದೆ. ಭಾಳ ತಡಾ ಮಾಡಿದಿ." ಬೋನು ನನ್ನ ಕೈಗಿಟ್ಟು, "ಓಣ್ಯಾಗ ಯಾರ ಮುಂದೂ ಅನಬ್ಯಾಡ" ಎಂದಳು.

ನನ್ನನ್ನು ಅತ್ತೆಯ ಮುಂದೆ, ಊರ ಮುಂದೆ ಒಂದೇ ಮಾತಿನಲ್ಲಿ ಕೆಡವಬಹುದಾಗಿದ್ದವಳು ಹನ್ನೆರಡು ವರ್ಷ ಬಾಯಿ ಬಿಡಲಿಲ್ಲ. ಆ ಋಣ ತೀರುವಂಥದಲ್ಲ, ತೀರಿಸುವ ಆಸೆಯೂ ನನಗಿಲ್ಲ. ಆಕೆಯ ಈ ಕೊನೆಯ ಮಾತನ್ನು ಮಾತ್ರ ನಾನು ಮೀರುತ್ತೇನೆ. ಈ ಸಲ ಸೀತನಿ ಸುಡುವಾಗ, ಅಂದು ಉಡಿ ತುಂಬಿದ್ದನ್ನು ಕಂಡ ಹೆಂಗಸರ ಮುಂದೆ, ನನ್ನ ಅತ್ತೆಯ ಮುಂದೆ, ಹೇಳುತ್ತೇನೆ.

ಇಂದು ಬೆಳಿಗ್ಗೆ ಬೋನಿನಲ್ಲಿ ಇಲಿ ಬಿದ್ದಿತ್ತು. ಅತ್ತೆ ಅರಿಶಿಣ ಚಿಮುಕಿಸಿದರು. ಗೋಣಿತಟ್ಟು ಮುಚ್ಚದೆಯೇ ಪೇಟೆಯಲ್ಲಿ ಹಾಯ್ದು ಹೋದೆ. ಯಾರೋ ನಕ್ಕರು, ನಾನೂ ನಕ್ಕೆ. ಆಚೆ ದಂಡೆಯಲ್ಲಿ ಬಾಗಿಲು ಎತ್ತಿ ಹಿಡಿದೆ. ಅದು ಒಂದು ಗಳಿಗೆ ಮೂಸಿ, ಹುಲ್ಲಿನಲ್ಲಿ ಓಡಿಹೋಯಿತು. ಬೋನು ತೊಳೆದುಕೊಂಡು ಮನೆಗೆ ಬಂದಾಗ ಒಲೆಯ ಮೇಲಿಟ್ಟಿದ್ದ ಎಸರು ಇನ್ನೂ ಕುದಿ ಬಂದಿರಲಿಲ್ಲ. ಆಗಲೂ ದಾರಿ ಇಷ್ಟೇ ಇತ್ತು.