ಸೀಲಕ್ಕನ ತಾರೀಖು ತಪ್ಪಿದ ದಿನ

ಆ ಕಚೇರಿಯಲ್ಲಿ ಸಾಹೇಬರ ಸಹಿ ಬಿದ್ದ ಕಾಗದಕ್ಕೂ ಸೀಲಕ್ಕ ಸೀಲು ಒತ್ತುವ ತನಕ ಬೆಲೆಯಿರಲಿಲ್ಲ. ದೇವರು ವರ ಕೊಟ್ಟರೂ ಪೂಜಾರಿ ಕೊಡಬೇಕಲ್ಲ! ಹಾಗೆಂದು ಅವಳೇನೂ ದೊಡ್ಡ ಅಧಿಕಾರಿಯಲ್ಲ. ಹದಿನೆಂಟು ವರ್ಷದಿಂದ ತಾತ್ಕಾಲಿಕ ನೌಕರಿ. ಅವಳ ವಶದಲ್ಲಿದ್ದದ್ದು ಒಂದು ಹಸಿರು ತಗಡಿನ ಪೆಟ್ಟಿಗೆ, ಅದರೊಳಗೆ ಹನ್ನೊಂದು ಸೀಲು, ಎರಡು ಪ್ಯಾಡು, ಒಂದು ಬಾಟಲಿ ನೇರಳೆ ಇಂಕು. ಹೆತ್ತವರಿಟ್ಟ ಹೆಸರು ಸಂಬಳದ ಪಟ್ಟಿಯಲ್ಲಿ ಮಾತ್ರ ಉಳಿದಿತ್ತು.

ಕೆಲಸವೆಂದರೆ ಅವಳದು. ಸಂಜೆ ಪ್ಯಾಡಿನ ಮೇಲೆ ಇಂಕನ್ನು ಹನಿ ಹನಿಯಾಗಿ ಬಿಟ್ಟು, ಸವರಿ, ಮುಚ್ಚಿಡುವಳು. ಬೆಳಗಾಗುವಷ್ಟರಲ್ಲಿ ಬಟ್ಟೆ ಅದನ್ನು ಹದವಾಗಿ ಹೀರಿಕೊಂಡಿರುತ್ತಿತ್ತು. "ಬೆಳಿಗ್ಗೆ ಆತುರಕ್ಕೆ ಸುರಿದ್ರೆ ಅಕ್ಷರ ಎಲ್ಲಾ ಕಲಸಿಹೋಗುತ್ತೆ" ಎನ್ನುತ್ತಿದ್ದಳು. ಬೆಳಿಗ್ಗೆ ಬಂದವಳೇ ಹಳೆಯ ಹಲ್ಲುಜ್ಜುವ ಬ್ರಷ್ಷಿನಿಂದ ರಬ್ಬರಿನ ಸಂದಿಯ ಕೊಳೆ ತೆಗೆದು, ತಾರೀಖಿನ ಸೀಲಿನ ಚಕ್ರವನ್ನು ಹೆಬ್ಬೆರಳಿನಿಂದ ಒಂದು ಹಲ್ಲು ಮುಂದಕ್ಕೆ ತಳ್ಳುವಳು. ರಜೆಯ ಮರುದಿನವಾದರೆ ಎರಡು ಹಲ್ಲು. ಕಣ್ಣಿಟ್ಟು ನೋಡುತ್ತಿರಲಿಲ್ಲ. ಪೆಟ್ಟಿಗೆಯ ಕೀಲಿ ತನ್ನ ಸೊಂಟದಲ್ಲೇ ಇರುವಾಗ ತಾರೀಖು ತಾನಾಗಿ ಎಲ್ಲಿಗೆ ಓಡಿಹೋಗುತ್ತದೆ?

ತಂಗಿಯನ್ನು ಆ ಕಚೇರಿಗೆ ಸೇರಿಸಿದವಳೂ ಸೀಲಕ್ಕನೇ. ಸಾಹೇಬರ ಮುಂದೆ ಮೂರು ಸಲ ಕೈಕಟ್ಟಿ ನಿಂತು ಬೇಡಿಕೊಂಡಿದ್ದಳು. ಬಂದ ಕಾಗದಗಳಿಗೆ ನಂಬರು ಹಾಕಿ ಪುಸ್ತಕದಲ್ಲಿ ಬರೆಯುವುದು ತಂಗಿಯ ಕೆಲಸ. ಅವಳದೂ ತಾತ್ಕಾಲಿಕವೇ.

ಕೊನೆಗೊಮ್ಮೆ ಒಂದು ಖಾಯಂ ಹುದ್ದೆ ಮಂಜೂರಾಯಿತು. ಒಂದೇ ಒಂದು. ಅರ್ಜಿ ಕೊಡಲು ಹತ್ತನೇ ತಾರೀಖು ಕೊನೆ. ಸೀಲಕ್ಕ ಮೊದಲ ದಿನವೇ ಕೊಟ್ಟಳು.

"ನಾನು ಹಾಕಲ್ಲಕ್ಕ, ಇದು ನಿಂದೇ" ಎಂದಳು ತಂಗಿ. "ನಿನ್ನ ಕೈತುತ್ತು ತಿಂದು ಬೆಳೆದವಳು, ನಿನಗೇ ಎದುರು ನಿಲ್ತೀನಾ?"

ಸೀಲಕ್ಕನಿಗೆ ಕಣ್ಣು ತುಂಬಿ ಬಂದಿತ್ತು. ಹತ್ತು ಕಳೆಯಿತು. ಬೇರೆ ಯಾರೂ ಅರ್ಜಿ ಹಾಕಿರಲಿಲ್ಲ.

ಹನ್ನೆರಡನೇ ತಾರೀಖಿನ ಮಧ್ಯಾಹ್ನ ಅವಳಿಗೆ ದವಡೆಹಲ್ಲಿನ ನೋವು ತಲೆಗೇರಿತು. ಕೀಲಿ ತನ್ನ ಬಳಿಯೇ ಇದೆಯೆಂದು ದಿನದಂತೆ ಕೀಲಿಯ ಪುಸ್ತಕದಲ್ಲಿ ಸಹಿ ಮಾಡಿ, ಕೀಲಿಯನ್ನು ತಂಗಿಯ ಕೈಗಿಟ್ಟು, "ಬೀಗ ಹಾಕಿ ಬಾರೇ" ಎಂದು ಡಾಕ್ಟರ ಬಳಿಗೆ ಓಡಿದಳು. ಸಂಜೆ ತಂಗಿ ಕೀಲಿಯ ಜೊತೆಗೆ ಮೆತ್ತಗೆ ಬೇಯಿಸಿದ ಅನ್ನವನ್ನೂ ತಂದುಕೊಟ್ಟಳು.

ಮರುದಿನ ಸೀಲಕ್ಕ ಎಂದಿನಂತೆ ಒಂದು ಹಲ್ಲು ತಳ್ಳಿ ಕೆಲಸ ಶುರುಮಾಡಿದಳು. ಅರವತ್ತು ಕಾಗದಗಳಿಗೆ ಒತ್ತಿದ್ದಾದ ಮೇಲೆ ಮುದುಕನೊಬ್ಬ ತನ್ನ ರಸೀದಿ ಹಿಡಿದು ಕಿಟಕಿಗೆ ವಾಪಸು ಬಂದ.

"ತಾಯಿ, ಇವತ್ತು ಹದಿಮೂರು. ಇದರಲ್ಲಿ ಹನ್ನೊಂದು ಅಂತಿದೆ. ಹನ್ನೊಂದಕ್ಕೆ ನಾನು ಜ್ವರ ಬಂದು ಮಲಗಿದ್ದೆ!"

ಸೀಲಕ್ಕ ಸೀಲನ್ನು ತಿರುಗಿಸಿ ನೋಡಿದಳು. ಹನ್ನೊಂದು. ಹಾಗಾದರೆ ತಾನು ತಳ್ಳುವ ಮುಂಚೆ ಅದು ಹತ್ತರಲ್ಲಿತ್ತು. ನಿನ್ನೆ ಯಾರೋ ಎರಡು ಹಲ್ಲು ಹಿಂದಕ್ಕೆ ತಿರುಗಿಸಿ, ಮತ್ತೆ ಸರಿಪಡಿಸಲು ಮರೆತಿದ್ದರು. ಯಾರೋ ಏನು ಬಂತು, ಕೀಲಿ ಇದ್ದದ್ದು ಒಬ್ಬಳ ಕೈಯಲ್ಲಿ. ಎದ್ದು ಹೋಗಿ ಖಾಯಂ ಹುದ್ದೆಯ ಫೈಲು ಬಿಚ್ಚಿದಳು. ತನ್ನ ಅರ್ಜಿಯ ಕೆಳಗೆ ಇನ್ನೊಂದಿತ್ತು. ತಂಗಿಯ ದುಂಡಕ್ಷರ, ಹತ್ತನೇ ತಾರೀಖಿನ ಸೀಲು. ಬೇಲಿಯೇ ಎದ್ದು ಹೊಲ ಮೇಯ್ದಿತ್ತು. ಕೇಳಿದ್ದರೆ ಸೀಲಕ್ಕ ಬೈಯುತ್ತಿದ್ದಳು, ಒಂದು ವಾರ ಮಾತು ಬಿಡುತ್ತಿದ್ದಳು, ಅಷ್ಟೇ. ಕೇಳದೆ ಮಾಡಿದ್ದು ಅವಳ ಕರುಳು ಹಿಂಡಿತು.

ಅರವತ್ತು ಕಾಗದಗಳ ಸುದ್ದಿ ಅಷ್ಟರಲ್ಲೇ ಸಾಹೇಬರಿಗೆ ಮುಟ್ಟಿತ್ತು. ಇಬ್ಬರನ್ನೂ ಕರೆಸಿದರು. ತಂಗಿ ಧೈರ್ಯವಾಗಿಯೇ ನಿಂತಿದ್ದಳು. ಅಕ್ಕ ಬಾಯಿ ಬಿಡುವುದಿಲ್ಲವೆಂಬ ಧೈರ್ಯ ಅದು. ಅದನ್ನು ಕಂಡೇ ಸೀಲಕ್ಕನಿಗೆ ಮೈ ಉರಿದುಹೋಯಿತು.

"ಸರ್, ತಾರೀಖು ಹಿಂದಕ್ಕೆ ತಿರುಗಿಸಿದ್ದು ಇವಳು. ಇವಳ ಅರ್ಜಿ ಬಂದಿದ್ದು ಹನ್ನೆರಡಕ್ಕೆ."

ತಂಗಿಯ ಮುಖ ಒಂದು ಗಳಿಗೆ ಬಿಳುಚಿಕೊಂಡಿತು, ಅಷ್ಟೇ. "ಇಲ್ಲ ಸರ್. ಹತ್ತಕ್ಕೆ ಅಕ್ಕನೇ ಒತ್ತಿಕೊಟ್ಲು, ಮರೆತಿದ್ದಾಳೆ. ಈಚೆಗೆ ಮನೇಲೂ ಹೀಗೇ, ಏನೂ ನೆನಪಿರಲ್ಲ. ನಂಬರಿನ ಪುಸ್ತಕ ನೋಡಿ ಬೇಕಾದ್ರೆ."

ಪುಸ್ತಕ ಬರೆಯುವವಳೇ ಅವಳು, ಅದರಲ್ಲಿ ಎಲ್ಲವೂ ಸರಿಯಾಗಿಯೇ ಇತ್ತು. ಕೀಲಿಯ ಪುಸ್ತಕದಲ್ಲಿ ಹನ್ನೆರಡನೇ ತಾರೀಖಿಗೆ ಸೀಲಕ್ಕನದೇ ಸಹಿ. ಮೇಜಿನ ಮೇಲೆ ತಪ್ಪು ತಾರೀಖಿನ ಕಾಗದಗಳ ರಾಶಿ.

"ಇವತ್ತಿನ ತಾರೀಖೇ ಗೊತ್ತಾಗದವರಿಗೆ ಖಾಯಂ ಮಾಡಿ ಅಂತ ನಾನು ಹೇಗಮ್ಮ ಬರೀಲಿ?" ಸಾಹೇಬರ ದನಿಯಲ್ಲಿ ಕೋಪವಿರಲಿಲ್ಲ, ಕನಿಕರವಿತ್ತು. ಅದೇ ಹೆಚ್ಚು ಚುಚ್ಚಿತು. "ಪೆಟ್ಟಿಗೆ ಸದ್ಯಕ್ಕೆ ನಿಮ್ಮ ತಂಗಿ ನೋಡಿಕೊಳ್ಳಲಿ."

ಹೊರಗೆ ಬಂದು ಸೀಲಕ್ಕ ಹನ್ನೊಂದು ಸೀಲುಗಳನ್ನು ಒಂದೊಂದಾಗಿ ಎಣಿಸಿ ತೋರಿಸುವಾಗ ತಂಗಿ ಬಿಕ್ಕಿ ಬಿಕ್ಕಿ ಅಳತೊಡಗಿದಳು. ಅದು ನಾಟಕದ ಅಳುವಲ್ಲ, ನಿಜವಾದ ಅಳು.

"ನೀನು ನನ್ನ ಹೆಸರು ಹೇಳ್ತೀಯ ಅಂತ ಕನಸಲ್ಲೂ ಎಣಿಸಿರಲಿಲ್ಲಕ್ಕ. ಒಡಹುಟ್ಟಿದವಳನ್ನ ಸಾಹೇಬರ ಮುಂದೆ ಬಿಟ್ಟುಕೊಟ್ಟೆಯಲ್ಲ! ನಿನ್ನನ್ನ ಎಷ್ಟು ನಂಬಿದ್ದೆ!"

ಚಿಕ್ಕಂದಿನಿಂದ ಅವಳು ಅತ್ತಾಗಲೆಲ್ಲ ತಪ್ಪು ಯಾರದೇ ಇರಲಿ, ಸಮಾಧಾನ ಹೇಳುತ್ತಿದ್ದವಳು ಸೀಲಕ್ಕ. ಈಗಲೂ "ತಪ್ಪಾಯ್ತು ಬಿಡೇ" ಎಂಬ ಮಾತು ನಾಲಗೆಯ ತುದಿಗೆ ಬಂದೇಬಿಟ್ಟಿತ್ತು. ಅವಳು ಅದನ್ನು ನುಂಗಿಕೊಂಡಳು. ಕೀಲಿಗಾಗಿ ತಂಗಿ ಕೈ ಚಾಚಿದ್ದಳು. ಸೀಲಕ್ಕ ಅದನ್ನು ಮೇಜಿನ ಮೇಲಿಟ್ಟು ಹೊರಟುಹೋದಳು.